ಒಬ್ಬ ಸೇನಾನಿ, ಎರಡು ನಗರಗಳು

ನಮ್ಮ ಇತಿಹಾಸದ ಪಠ್ಯಗಳಲ್ಲಿ ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ಒಂದು ಅಧ್ಯಾಯ, ಮೈಸೂರು ಯುದ್ಧಗಳಿಗೆ ಬೇರೊಂದು ಅಧ್ಯಾಯ. ಪರೀಕ್ಷೆಯ ದೃಷ್ಟಿಯಿಂದ ಇದು ಅನುಕೂಲವೇ ಸರಿ. ಆದರೆ ಈ ವಿಂಗಡಣೆಯಿಂದ ಒಂದು ಮುಖ್ಯ ಸಂಗತಿ ವಿದ್ಯಾರ್ಥಿಯ ಕಣ್ಣಿಗೆ ಬೀಳದೆ ಹೋಗುತ್ತದೆ. 1777ನೆಯ ಸೆಪ್ಟೆಂಬರ್ 26ರಂದು ಬ್ರಿಟಿಷ್ ದಂಡಿನ ಮುಂದಾಳಾಗಿ ಅಮೆರಿಕದ ಫಿಲಡೆಲ್ಫಿಯ ನಗರವನ್ನು ಪ್ರವೇಶಿಸಿದವನೂ, 1791ನೆಯ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನು ಹಿಡಿಸಿದವನೂ ಒಬ್ಬನೇ ಮನುಷ್ಯ. ಆತನೇ ಲಾರ್ಡ್ ಕಾರ್ನ್‌ವಾಲಿಸ್. ಒಂದು ಊರನ್ನು ಪರಸೈನ್ಯ ಹಿಡಿದು ಕುಳಿತಾಗ ಏನಾಗುತ್ತದೆ, ಹಿಡಿದವನು ಉಳಿಯುವುದು ಯಾವುದರ ಬಲದಿಂದ ಎಂಬ ಪ್ರಶ್ನೆಗೆ ಈ ಎರಡು ನಗರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ದೊರೆಯುತ್ತದೆ. ಆ ಉತ್ತರಕ್ಕೆ ನಮ್ಮ ಬಳ್ಳಾರಿ ಸೀಮೆಯ ಎತ್ತು, ಕಾಳು, ಹಾದಿಗಳ ಸಂಬಂಧವೂ ಉಂಟು.

ಮೊದಲಿಗೆ ಒಂದು ಭೇದವನ್ನು ಒಪ್ಪಿಕೊಳ್ಳಬೇಕು. ಫಿಲಡೆಲ್ಫಿಯ ವಸಾಹತಿನ ನಗರ. ಅಲ್ಲಿನ ಪ್ರಜೆಗಳು ತಮ್ಮ ರಾಜನ ವಿರುದ್ಧವೇ ಎದ್ದು ಕ್ರಾಂತಿ ಹೂಡಿದ್ದರು. ಬೆಂಗಳೂರು ವಸಾಹತಲ್ಲ, ಟಿಪ್ಪು ಸುಲ್ತಾನನ ರಾಜ್ಯದ ಊರು; ಇಲ್ಲಿ ನಡೆದದ್ದು ರಾಜ್ಯಕ್ಕೂ ಕಂಪೆನಿಗೂ ಯುದ್ಧ. ಕಾರಣಗಳು ಬೇರೆ, ಜನ ಬೇರೆ. ಆದರೆ ದಂಡು ಊರೊಳಗೆ ಬಂದ ಮೇಲೆ ಅದಕ್ಕೆ ಬೇಕಾಗುವ ವಸ್ತುಗಳು ಎಲ್ಲೆಡೆಯೂ ಒಂದೇ: ಕಾಳು, ಸೌದೆ, ಮೇವು, ಮಲಗಲು ಸೂರು, ಸುದ್ದಿ.

ಫಿಲಡೆಲ್ಫಿಯ ಆ ಕಾಲಕ್ಕೆ ಅಮೆರಿಕದ ಅತಿ ದೊಡ್ಡ ನಗರ. ಸ್ವಾತಂತ್ರ್ಯ ಘೋಷಣೆ ಹೊರಟದ್ದು ಅಲ್ಲಿಂದ, ಕಾಂಗ್ರೆಸ್ಸು ಕೂಡುತ್ತಿದ್ದುದೂ ಅಲ್ಲೇ. ಅದನ್ನು ಹಿಡಿದರೆ ದಂಗೆಯ ತಲೆಯನ್ನೇ ಹಿಡಿದಂತೆ ಎಂಬುದು ಬ್ರಿಟಿಷ್ ಸೇನಾಪತಿ ವಿಲಿಯಂ ಹೋವನ ಲೆಕ್ಕ. ನ್ಯೂಯಾರ್ಕ್ ಅದಾಗಲೇ 1776ರ ಸೆಪ್ಟೆಂಬರಿನಿಂದ ಬ್ರಿಟಿಷರ ಕೈಯಲ್ಲಿತ್ತು. ಹೋವ್ ಅಲ್ಲಿಂದ ಸಮುದ್ರಮಾರ್ಗವಾಗಿ ಸುತ್ತಿಬಂದು, 1777ರ ಸೆಪ್ಟೆಂಬರ್ 11ರಂದು ಬ್ರಾಂಡಿವೈನ್ ಹೊಳೆಯ ಬಳಿ ವಾಷಿಂಗ್ಟನ್ನನ ಸೈನ್ಯವನ್ನು ಸೋಲಿಸಿದ. ಕಾಂಗ್ರೆಸ್ಸಿನ ಸದಸ್ಯರು ಗಂಟುಮೂಟೆ ಕಟ್ಟಿ ಮೊದಲು ಲ್ಯಾಂಕಾಸ್ಟರಿಗೂ ಅಲ್ಲಿಂದ ಯಾರ್ಕ್ ಎಂಬ ಊರಿಗೂ ಸರಿದರು. ಕಾರ್ನ್‌ವಾಲಿಸ್ ವಾದ್ಯಗಳೊಡನೆ ನಗರವನ್ನು ಹೊಕ್ಕ. ರಾಜಪಕ್ಷದವರು ಬೀದಿಯಲ್ಲಿ ನಿಂತು ಜಯಕಾರ ಮಾಡಿದರು.

ಹಿಡಿದದ್ದಾಯಿತು; ಉಣ್ಣುವುದೇನು? ನಗರಕ್ಕೆ ಸರಕು ಬರಬೇಕಾದದ್ದು ಡೆಲವೇರ್ ನದಿಯಿಂದ. ನದಿಯ ಕೆಳಗಡೆ ಮಿಫ್ಲಿನ್ ಮತ್ತು ಮರ್ಸರ್ ಎಂಬ ಎರಡು ಕೋಟೆಗಳು ಅಮೆರಿಕನ್ನರ ವಶದಲ್ಲಿದ್ದು, ಬ್ರಿಟಿಷ್ ಹಡಗುಗಳನ್ನು ಮೇಲೆ ಬರಗೊಡಲಿಲ್ಲ. ಅಕ್ಟೋಬರ್ 22ರಂದು ಮರ್ಸರ್ ಕೋಟೆಗೆ ಲಗ್ಗೆಯಿಟ್ಟ ಜರ್ಮನ್ ಬಾಡಿಗೆ ಸಿಪಾಯಿಗಳು ಬಹಳ ಮಂದಿ ಸತ್ತು ಹಿಂದಿರುಗಿದರು. ನವೆಂಬರ್ ಮಧ್ಯದಲ್ಲಿ ಮಿಫ್ಲಿನ್ ಕೋಟೆ ನೆಲಸಮವಾಗಿ, ಆಮೇಲೆ ಕಾರ್ನ್‌ವಾಲಿಸನೇ ನದಿ ದಾಟಿ ಹೋದ ಬಳಿಕ ಮರ್ಸರ್ ಕೋಟೆಯೂ ಬರಿದಾಗಿ, ಹಾದಿ ತೆರೆಯಿತು. ಹೀಗೆ ರಾಜಧಾನಿಯನ್ನು ಗೆದ್ದ ಸೈನ್ಯ ಸುಮಾರು ಎರಡು ತಿಂಗಳ ಕಾಲ ಸ್ವತಃ ಮುತ್ತಿಗೆಗೆ ಒಳಗಾದಂತೆ ಇತ್ತು.

ಆ ಚಳಿಗಾಲದ ಊರಿನ ಬಾಳುವೆಯನ್ನು ತಿಳಿಯಲು ನಮಗೆ ದೊಡ್ಡ ಸೇನಾನಿಗಳ ವರದಿಗಳಿಗಿಂತ ಎಲಿಜಬೆತ್ ಡ್ರಿಂಕರ್ ಎಂಬ ಗೃಹಿಣಿಯ ದಿನಚರಿ ಹೆಚ್ಚು ನೆರವಾಗುತ್ತದೆ. ಆಕೆ ಕ್ವೇಕರ್ ಪಂಥದವಳು. ಯುದ್ಧವೇ ಬೇಡವೆನ್ನುವ ಪಂಥ ಅದು. ಆ ಕಾರಣಕ್ಕೆ ಕ್ರಾಂತಿಪಕ್ಷದವರು ಆಕೆಯ ಗಂಡನನ್ನು ಇತರ ಕೆಲವರೊಂದಿಗೆ ವರ್ಜೀನಿಯಕ್ಕೆ ಗಡೀಪಾರು ಮಾಡಿದ್ದರು. ಗಂಡನಿಲ್ಲದ ಮನೆಗೆ ಈಗ ಬ್ರಿಟಿಷ್ ಅಧಿಕಾರಿಯೊಬ್ಬ ಬಿಡಾರಕ್ಕೆ ಬಂದ. ಮೇಜರ್ ಕ್ರಾಮಂಡ್ ಎಂಬ ಆತ ಸಭ್ಯನೇ. ಆದರೆ ಅವನ ಹಿಂದೆ ಆಳುಗಳು, ಕುದುರೆಗಳು, ರಾತ್ರಿಯ ಊಟದ ಅತಿಥಿಗಳು. ಬೇಡವೆನ್ನಲು ಆಕೆಗೆ ಧೈರ್ಯವಿಲ್ಲ. ಬೇಡವೆಂದರೆ ಇವನಿಗಿಂತ ಕೆಟ್ಟವನು ಬಂದಾನೆಂಬ ಅಂಜಿಕೆ. ಒಂದು ಪಕ್ಷ ಗಂಡನನ್ನು ಕೊಂಡೊಯ್ದಿತು, ಇನ್ನೊಂದು ಪಕ್ಷ ಮನೆಯನ್ನು ತೆಗೆದುಕೊಂಡಿತು. ಪರದಂಡಿನ ಕೆಳಗಿನ ಊರಿನಲ್ಲಿ ತಟಸ್ಥನಾಗಿರುವವನ ಗತಿಯೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಕಂಡಿಲ್ಲ. ಊರ ಸುತ್ತಿನ ತೋಟಗಳ ಬೇಲಿಗಳು ಸೌದೆಯಾಗಿ ಉರಿದುಹೋದವು. ಬೆಂಜಮಿನ್ ಫ್ರಾಂಕ್ಲಿನ್ನನ ಮನೆಯಲ್ಲಿ ಬಿಡಾರ ಮಾಡಿದ್ದ ಅಧಿಕಾರಿಗಳು ಹೋಗುವಾಗ ಗೋಡೆಯ ಮೇಲಿದ್ದ ಅವನ ಭಾವಚಿತ್ರವನ್ನೇ ಎತ್ತಿಕೊಂಡು ಹೋದರು. ಅದು ಅಮೆರಿಕಕ್ಕೆ ಮರಳಿದ್ದು 1906ರಲ್ಲಿ!

ಅತ್ತ ಸುಮಾರು ಇಪ್ಪತ್ತು ಮೈಲಿ ದೂರದ ವ್ಯಾಲಿ ಫೋರ್ಜಿನಲ್ಲಿ ವಾಷಿಂಗ್ಟನ್ನನ ಸಿಪಾಯಿಗಳು ಬರಿಗಾಲಲ್ಲಿ ಹಿಮ ತುಳಿಯುತ್ತಿದ್ದಾಗ, ಸುತ್ತಲಿನ ರೈತರಲ್ಲಿ ಅನೇಕರು ಹಿಟ್ಟು, ಮಾಂಸಗಳನ್ನು ಕದ್ದುಮುಚ್ಚಿ ನಗರಕ್ಕೆ ಸಾಗಿಸುತ್ತಿದ್ದರು. ಬ್ರಿಟಿಷರು ಚಿನ್ನದ ನಾಣ್ಯ ಕೊಡುತ್ತಿದ್ದರು; ಕಾಂಗ್ರೆಸ್ಸಿನದು ಬೆಲೆಯಿಳಿದ ಕಾಗದದ ಹಣ. ಇದನ್ನು ದೇಶದ್ರೋಹವೆನ್ನುವುದು ಸುಲಭ. ಆದರೆ ಕೈಯಲ್ಲಿ ಕಾಳಿರುವ ಒಕ್ಕಲಿಗ ಎರಡು ದಂಡುಗಳ ನಡುವೆ ಸಿಕ್ಕಾಗ, ಕೊಡದಿದ್ದರೆ ಕಸಿಯುವವರು ಇಬ್ಬರೂ ಆಗಿರುವಾಗ, ದುಡ್ಡು ಕೊಡುವವನ ಕಡೆ ಗಾಡಿ ಹೊಡೆಯುವುದು ಬಹು ಸಹಜ.

ಹೋವ್ ಒಂದು ನಗರವನ್ನು ಗೆದ್ದು ಯುದ್ಧವನ್ನು ಕಳೆದುಕೊಂಡ. ಆತ ಇತ್ತ ಬಂದುದರಿಂದ ಉತ್ತರದಲ್ಲಿ ಒಂಟಿಯಾದ ಬರ್ಗಾಯಿನನ ಸೈನ್ಯ 1777ರ ಅಕ್ಟೋಬರ್ 17ರಂದು ಸಾರಟೋಗದಲ್ಲಿ ಶರಣಾಯಿತು. ಅದರ ಫಲವಾಗಿ 1778ರ ಫೆಬ್ರುವರಿಯಲ್ಲಿ ಫ್ರಾನ್ಸ್ ಅಮೆರಿಕದ ಮಿತ್ರನಾಯಿತು. ಫ್ರೆಂಚ್ ನೌಕಾಬಲದ ಭಯದಿಂದ ಬ್ರಿಟಿಷರು 1778ರ ಜೂನ್ 18ರಂದು ಫಿಲಡೆಲ್ಫಿಯವನ್ನು ತಾವಾಗಿಯೇ ಬಿಟ್ಟುಹೋದರು. ಅವರೊಡನೆ ಸುಮಾರು ಮೂರು ಸಾವಿರ ರಾಜಪಕ್ಷದ ಜನ ಮನೆಮಠ ಬಿಟ್ಟು ಹಡಗೇರಿದರು. ಉಳಿದವರಲ್ಲಿ ಇಬ್ಬರ ಕಥೆ ಕಹಿಯಾದದ್ದು. ಅಬ್ರಹಾಂ ಕಾರ್ಲೈಲ್ ಎಂಬ ಬಡಗಿ ದಂಡಿನ ಕಾಲದಲ್ಲಿ ನಗರದ ಬಾಗಿಲಲ್ಲಿ ರಹದಾರಿ ಚೀಟಿ ಕೊಡುವ ಕೆಲಸ ಮಾಡಿದ್ದ. ಜಾನ್ ರಾಬರ್ಟ್ಸ್ ಎಂಬುವನು ಗಿರಣಿಯವನು. ಇಬ್ಬರೂ ಕ್ವೇಕರರು. ಅನೇಕ ಜನ ಕ್ಷಮಾಪಣೆಗಾಗಿ ಅರ್ಜಿ ಬರೆದರೂ ಕೇಳದೆ 1778ರ ನವೆಂಬರ್ 4ರಂದು ಅವರನ್ನು ಗಲ್ಲಿಗೇರಿಸಿದರು. ದೊಡ್ಡವರು ಹಡಗು ಹತ್ತಿ ಪಾರಾದರು, ಚೀಟಿ ಬರೆದವನು ನೇಣು ಹತ್ತಿದ.

ಇಲ್ಲಿ ಒಂದು ಮಾತು ಹೇಳದೆ ಮುಂದುವರಿಯಲು ಮನಸ್ಸಾಗದು. ಇದೇ ಫಿಲಡೆಲ್ಫಿಯದ ವರ್ತಕರು ಡೆಲವೇರ್ ಕೊಲ್ಲಿಯ ಕಾವಲಿಗಾಗಿ 1782ರಲ್ಲಿ ಸಜ್ಜುಗೊಳಿಸಿದ ಹಡಗಿಗೆ ಇಟ್ಟ ಹೆಸರು 'ಹೈದರ್ ಅಲಿ'. ಜೋಷುವ ಬಾರ್ನಿ ಎಂಬ ಯುವಕನ ನಾಯಕತ್ವದಲ್ಲಿ ಅದು ಏಪ್ರಿಲ್ 8ರಂದು ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. ನಮ್ಮ ಬಳ್ಳಾರಿ ಗುಡ್ಡದ ಕೋಟೆಯನ್ನು ಬಲಪಡಿಸಿದವನೆಂದು ನಾವು ಹೇಳುವ ಹೈದರಾಲಿ, ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಿದೆಯೆಂಬ ಕಾರಣಕ್ಕೆ ಗಲ್ಲಿಗೆ ಹಾಕಿಸಿದನೆಂದು ಊರವರು ಕಥೆ ಕಟ್ಟಿರುವ ಅದೇ ಹೈದರಾಲಿ, ಅಟ್ಲಾಂಟಿಕ್ ಸಾಗರದಾಚೆಗೆ ಇಂಗ್ಲಿಷರ ಶತ್ರುವೆಂಬ ಕೀರ್ತಿಯಿಂದ ಹೆಸರಾಗಿದ್ದ.

ಕಾರ್ನ್‌ವಾಲಿಸ್ 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಶರಣಾದ. ಅನಾರೋಗ್ಯವೆಂದು ಹೇಳಿ ಕತ್ತಿ ಒಪ್ಪಿಸಲು ತನ್ನ ಕೈಕೆಳಗಿನವನನ್ನು ಕಳಿಸಿದನೆಂಬುದು ಪ್ರಸಿದ್ಧ. ಅಂಥವನು 1786ರಲ್ಲಿ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದ. ಟಿಪ್ಪುವಿನೊಡನೆ ಯುದ್ಧ ಹತ್ತಿ, ಮೊದಲ ವರ್ಷದ ಕಾರ್ಯಾಚರಣೆ ಸಾಗದಿರಲು ತಾನೇ ಸೇನೆಯ ನೇತೃತ್ವ ವಹಿಸಿ, ಮುಗಳಿ ಕಣಿವೆಯಿಂದ ಘಟ್ಟ ಹತ್ತಿ, ಕೋಲಾರ, ಹೊಸಕೋಟೆಗಳ ಮೂಲಕ 1791ರ ಮಾರ್ಚ್ 5ರಂದು ಬೆಂಗಳೂರಿನ ಮುಂದೆ ಇಳಿದ.

ಆಗಿನ ಬೆಂಗಳೂರು ಎರಡು ಭಾಗ: ದಕ್ಷಿಣಕ್ಕೆ 1761ರ ಹೊತ್ತಿಗೆ ಹೈದರಾಲಿ ಕಲ್ಲಿನಿಂದ ಕಟ್ಟಿಸಿದ ಕೋಟೆ, ಉತ್ತರಕ್ಕೆ ಮುಳ್ಳುಬೇಲಿ, ಕಂದಕಗಳಿಂದ ಸುತ್ತುವರಿದ ಪೇಟೆ. ನೇಕಾರರೂ ವರ್ತಕರೂ ಇದ್ದ ಸಂಪನ್ನವಾದ ಊರದು. ಮಾರ್ಚ್ 7ರಂದು ಪೇಟೆಯ ಬಾಗಿಲನ್ನು ಫಿರಂಗಿಯಿಂದ ಒಡೆದರು. ಆ ಬಾಗಿಲಲ್ಲಿಯೇ ಮದರಾಸ್ ಫಿರಂಗಿದಳದ ಕರ್ನಲ್ ಮೂರ್‌ಹೌಸ್ ಸತ್ತ. ದಂಡಿನೊಡನೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಆ ಸಾವಿನ ಚಿತ್ರ ಬರೆದ. ನಿವಾಸಿಗಳಲ್ಲಿ ಬಹುಪಾಲು ಜನ ಊರು ಬಿಟ್ಟಿದ್ದರು. ಅವರ ಮನೆಗಳನ್ನು ಸಿಪಾಯಿಗಳೂ ದಂಡಿನ ಹಿಂದಿನ ಜನರೂ ಸೂರೆಮಾಡಿದರು. ಪೇಟೆಯನ್ನು ಮರಳಿ ಪಡೆಯಲು ಟಿಪ್ಪುವಿನ ಪಡೆ ಅಂದೇ ಹೋರಾಡಿ ವಿಫಲವಾಯಿತು. ಎರಡು ವಾರಗಳ ನಂತರ, ಮಾರ್ಚ್ 21ರ ಬೆಳದಿಂಗಳ ರಾತ್ರಿಯಲ್ಲಿ, ಫಿರಂಗಿಗಳು ಒಡೆದ ಬಿರುಕಿನಿಂದ ಕೋಟೆಗೆ ಲಗ್ಗೆಯಾಯಿತು. ವೃದ್ಧ ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಮಡಿದ. ಸಾವಿರಕ್ಕೂ ಹೆಚ್ಚು ಮೈಸೂರಿನ ಯೋಧರು ಆ ರಾತ್ರಿ ಸತ್ತರು. ಕಿಲ್ಲೇದಾರನ ದೇಹವನ್ನು ಒಪ್ಪಿಸಲು ಕಾರ್ನ್‌ವಾಲಿಸ್ ಮುಂದಾದಾಗ, ಮಡಿದ ಊರಿನಲ್ಲೇ ಅಲ್ಲಿಯ ಮುಸಲ್ಮಾನರ ಕೈಯಿಂದ ಆತನಿಗೆ ಮಣ್ಣು ದೊರೆಯಲೆಂದು ಟಿಪ್ಪು ಹೇಳಿ ಕಳುಹಿಸಿದನೆಂದು ಇಂಗ್ಲಿಷ್ ಗ್ರಂಥಕಾರರೇ ಬರೆದಿದ್ದಾರೆ.

ಬೆಂಗಳೂರು ಬಿದ್ದ ಸುದ್ದಿ ದೂರದ ಕೋಟೆಗಳನ್ನೂ ಅಲುಗಿಸಿತು. ತಿಂಗಳುಗಟ್ಟಲೆ ನಿಜಾಮನ ಸೈನ್ಯಕ್ಕೆ ಬಗ್ಗದೆ ನಿಂತಿದ್ದ ಕೊಪ್ಪಳ, ನಮ್ಮ ತುಂಗಭದ್ರೆಯ ಆಚೆ ದಡದ ಸೀಮೆಯದು, ಏಪ್ರಿಲಿನಲ್ಲಿ ಶರಣಾಯಿತು. ಅದೇ ತಿಂಗಳು ಮರಾಠರಿಗೆ ಧಾರವಾಡ ಸಿಕ್ಕಿತು.

ಇಷ್ಟಾದರೂ ಹಿಡಿದವನ ಸ್ಥಿತಿ ಫಿಲಡೆಲ್ಫಿಯದಂತೆಯೇ. ಪೇಟೆಯಲ್ಲಿ ದೊರೆತ ಮೇವು ಬೇಗ ಮುಗಿಯಿತು. ಸುತ್ತಣ ಹಳ್ಳಿಗಳು ಸುಟ್ಟು ಬರಿದಾಗಿದ್ದವು. ಹುಲ್ಲಿನ ಬೇರನ್ನು ಅಗೆದು ದನಗಳಿಗೆ ಹಾಕುವ ಗತಿ ಬಂತು. ಆ ಕಾಲದ ಫಿರಂಗಿಯನ್ನು ಎಳೆಯುವುದು ಎತ್ತು, ಅಕ್ಕಿಯನ್ನು ಹೊರುವುದು ಎತ್ತು. ಎತ್ತು ಬಿದ್ದರೆ ಸೈನ್ಯ ಬಿದ್ದಂತೆ. ಬೇಸಿಗೆಯಲ್ಲಿ ಸೊಪ್ಪೆ ತೀರಿದ ಮನೆಯ ಹಟ್ಟಿಯನ್ನು ನೋಡಿದ ನಮ್ಮ ಸೀಮೆಯ ಯಾರಿಗಾದರೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೂ ಕಾರ್ನ್‌ವಾಲಿಸ್ ಮೇ ತಿಂಗಳ ಮೊದಲಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಟಿಪ್ಪು ದಾರಿಯುದ್ದಕ್ಕೂ ಮೇವು, ಕಾಳುಗಳನ್ನು ಇಲ್ಲವಾಗಿಸಿದ್ದ. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಇಂಗ್ಲಿಷರಿಗೆ ಜಯವೇ ಆಯಿತು. ಆದರೆ ಜಯದಿಂದ ಹೊಟ್ಟೆ ತುಂಬಲಿಲ್ಲ. ಮಳೆ ಹಿಡಿಯಿತು, ಎತ್ತುಗಳು ಸಾಲುಸಾಲಾಗಿ ಸತ್ತವು, ದಂಡಿನ ಹಿಂದಿನ ಬಡಜನ ಹಸಿವಿನಿಂದ ಕಂಗೆಟ್ಟರು. ಮೇ 22ರಂದು ಕೋಟೆಯೊಡೆಯುವ ದೊಡ್ಡ ಫಿರಂಗಿಗಳನ್ನೆಲ್ಲ ತಾನೇ ಒಡೆಸಿಹಾಕಿ, ಗೆದ್ದ ಸೇನಾಪತಿ ಹಿಂದೆ ಸರಿದ. ಇಲ್ಲಿಯದೇ ವಿಚಿತ್ರ. ಹಿಂದಿರುಗುವ ಹಾದಿಯಲ್ಲಿ ಕುದುರೆಯ ದಳವೊಂದು ಕಾಣಿಸಿತು, ಶತ್ರುವೆಂದು ಅಣಿಯಾದರು, ನೋಡಿದರೆ ಪರಶುರಾಮ ಭಾವು, ಹರಿಪಂತರ ಮರಾಠಾ ಸೈನ್ಯ! ಮಿತ್ರರು ಅಷ್ಟು ಸಮೀಪಕ್ಕೆ ಬಂದಿದ್ದರೂ ಟಿಪ್ಪುವಿನ ಸವಾರರು ಒಬ್ಬ ಹರಿಕಾರನನ್ನೂ ದಾಟಗೊಟ್ಟಿರಲಿಲ್ಲ. ಒಂದು ವಾರ ಮುಂಚೆ ಒಂದು ಚೀಟಿ ತಲಪಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವು. ಮರಾಠರ ಬಜಾರಿನಲ್ಲಿ ಕಾಳಿನಿಂದ ಹಿಡಿದು ಇಂಗ್ಲಿಷ್ ಬನಾತು, ಬರ್ಮಿಂಗ್‌ಹ್ಯಾಮಿನ ಚಿಕ್ಕ ಚಾಕುವಿನವರೆಗೆ ಸಕಲವೂ ಮಾರಾಟಕ್ಕಿತ್ತು. ಬೆಲೆ ಮಾತ್ರ ಹಸಿದವನಿಗೆ ಹೇಳುವ ಬೆಲೆ.

ಅಮೆರಿಕದಲ್ಲಿ ಕಲಿಯದಿದ್ದುದನ್ನು ಕಾರ್ನ್‌ವಾಲಿಸ್ ಈ ಸೋಲಿನಿಂದ ಕಲಿತನೆಂದು ನನ್ನ ಅಭಿಪ್ರಾಯ. ಅಂದಿನಿಂದ 1792ರ ಜನವರಿಯವರೆಗೆ ಆತ ಶ್ರೀರಂಗಪಟ್ಟಣದ ಕಡೆ ಮುಖ ಹಾಕಲಿಲ್ಲ. ಬೆಂಗಳೂರನ್ನು ಕಣಜವಾಗಿ ಮಾಡಿಕೊಂಡು, ಕರ್ನಾಟಕದ ಬಯಲಿನಿಂದ ಅಲ್ಲಿಗೆ ಬರುವ ದಾರಿಗಳನ್ನೂ, ಅಲ್ಲಿಂದ ಮುಂದಿನ ದಾರಿಗಳನ್ನೂ ಒಂದೊಂದಾಗಿ ಬಿಡಿಸಿಕೊಂಡ. ಜುಲೈನಲ್ಲಿ ಹೊಸೂರು, ಅಕ್ಟೋಬರ್ 19ರಂದು ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ ಆತನ ಕೈಸೇರಿದವು. ಈ ಬೆಟ್ಟಗಳೆಲ್ಲ ಹೇರೆತ್ತಿನ ಹಾದಿಯ ಮೇಲಿನ ಕಣ್ಣುಗಳು. ಡೆಲವೇರ್ ನದಿಯ ಆ ಎರಡು ಕೋಟೆಗಳಂತೆಯೇ.

ಹೇರೆತ್ತಿನವರು ಯಾರು? ಇಂಗ್ಲಿಷರು 'ಬ್ರಿಂಜಾರಿ'ಗಳೆಂದು ಬರೆದ ಲಂಬಾಣಿಗಳು. ಸಂಡೂರು, ಹಡಗಲಿ ಕಡೆಯ ತಾಂಡಾಗಳನ್ನು ಬಲ್ಲ ನಮಗೆ ಅವರು ಪರಕೀಯರಲ್ಲ. ಹೆಂಡಿರು ಮಕ್ಕಳೊಡನೆ ಸಾವಿರಾರು ಎತ್ತುಗಳ ಮೇಲೆ ಕಾಳು, ಉಪ್ಪುಗಳನ್ನು ಹೇರಿ ದಖ್ಖನಿನ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗಿಸುವುದು ಅವರ ವೃತ್ತಿ. ಯಾರ ದಂಡಿಗಾದರೂ ಮಾರುವರು. ಅದಕ್ಕಾಗಿ ಎರಡು ಪಕ್ಷದವರೂ ಅವರನ್ನು ಕೆಣಕದೆ ಬಿಡುವುದು ಯುದ್ಧದ ರೂಢಿಯಾಗಿತ್ತು. ಕಾರ್ನ್‌ವಾಲಿಸ್ ಅವರಿಗೆ ನಗದು ಹಣವನ್ನೂ ರಕ್ಷಣೆಯನ್ನೂ ಕೊಟ್ಟು ಬೆಂಗಳೂರಿನ ಕಡೆ ತಿರುಗಿಸಿಕೊಂಡ. ಈ ಕೆಲಸವನ್ನು ನಡೆಸಿದವನು ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್. ಬೇಹುಗಾರರ ಜಾಲವೂ ಅವನ ಕೈಯಲ್ಲೇ ಇತ್ತು. ಕಾಳಿನ ಹಾದಿ ಬಲ್ಲವನಿಗೆ ಸುದ್ದಿಯ ಹಾದಿಯೂ ಗೊತ್ತು. ಶ್ರೀರಂಗಪಟ್ಟಣದ ಮುಂದೆ 1792ರ ಫೆಬ್ರುವರಿ 6ರ ರಾತ್ರಿ ನಡೆದ ದಾಳಿಯ ವರ್ಣನೆ ಎಲ್ಲ ಪುಸ್ತಕಗಳಲ್ಲಿಯೂ ಇದೆ. ಅದಕ್ಕೆ ಮೊದಲು ಏಳೆಂಟು ತಿಂಗಳು ಎತ್ತಿನ ಗೊರಸಿನ ಸದ್ದು ಕೇಳಿಸಿತ್ತೆಂಬುದನ್ನು ಹೇಳುವವರು ಕಡಿಮೆ.

ಮಾರ್ಚ್ 18ರ ಸಂಧಿಯಿಂದ ಟಿಪ್ಪು ಅರ್ಧ ರಾಜ್ಯವನ್ನೂ, 3 ಕೋಟಿ 30 ಲಕ್ಷ ರೂಪಾಯಿಗಳ ದಂಡವನ್ನೂ ಒಪ್ಪಬೇಕಾಯಿತು. ಹಣ ತೀರುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಬೆಂಗಳೂರು ಅವನಿಗೆ ಮರಳಿತು. ಇಂಗ್ಲಿಷರಿಗೆ ಅಷ್ಟು ಉಪಯೋಗಕ್ಕೆ ಬಂದ ಆ ಕೋಟೆಯನ್ನು ಆತ ತಾನೇ ಕೆಡವಿಸಿದ. ಮುಂದೆ ದಿವಾನ್ ಪೂರ್ಣಯ್ಯ ದುರಸ್ತಿ ಮಾಡಿಸಿದ. ಇಂದು ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಉಳಿದಿರುವುದು ಒಂದು ಹೆಬ್ಬಾಗಿಲು, ಒಂದಷ್ಟು ಗೋಡೆ, ಲಗ್ಗೆಯಾದ ಸ್ಥಳವನ್ನು ತೋರಿಸುವ ಒಂದು ಕಲ್ಲು. ಅಲ್ಲಿ ಸತ್ತ ಕಂಪೆನಿಯ ದಂಡಿನವರಿಗಾಗಿ ಎತ್ತಿದ್ದ ಸ್ಮಾರಕಸ್ತಂಭವನ್ನು 1964ರಲ್ಲಿ ಕೆಡವಲಾಯಿತು.

ಈ ಕಥೆ ಬಳ್ಳಾರಿಗೆ ಬಂದು ಸೇರುವ ಬಗೆಯನ್ನು ಹೇಳಿ ಮುಗಿಸುತ್ತೇನೆ. 1792ರ ಮತ್ತು 1799ರ ಹಂಚಿಕೆಗಳಲ್ಲಿ ನಮ್ಮ ಸೀಮೆ ನಿಜಾಮನ ಪಾಲಿಗೆ ಬಂತು. ತನ್ನ ರಕ್ಷಣೆಗೆಂದು ಇಟ್ಟುಕೊಂಡ ಕಂಪೆನಿಯ ದಂಡಿನ ಖರ್ಚಿಗಾಗಿ 1800ರ ಅಕ್ಟೋಬರಿನಲ್ಲಿ ಆತ ಇದನ್ನು ಕಂಪೆನಿಗೆ ಬರೆದುಕೊಟ್ಟ. ದತ್ತ ಮಂಡಲವೆಂಬ ಹೆಸರು ಅದರಿಂದ ಬಂದದ್ದು. ಅಂದರೆ ಸಿರುಗುಪ್ಪದ ಕಾಲುವೆ ಗದ್ದೆ, ಕುರುಗೋಡಿನ ಬೆಟ್ಟದ ಕೆಳಗಿನ ಎರೆಹೊಲ, ಹೊಳೆಯ ದಂಡೆಯ ಕೆಂಚನಗುಡ್ಡ ಎಲ್ಲವೂ ಒಂದು ದಂಡಿನ ಊಟದ ಲೆಕ್ಕದಲ್ಲಿ ಕೈ ಬದಲಾಯಿಸಿದವು. ಒಂದು ಗುಂಡು ಹಾರಲಿಲ್ಲ.

ಇಲ್ಲಿಗೆ ಪ್ರಧಾನ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. 1790ರಿಂದ 92ರ ಯುದ್ಧದಲ್ಲಿ ಆತ ಕಾರ್ನ್‌ವಾಲಿಸನ ಸೈನ್ಯದ ಒಬ್ಬ ಕಿರಿಯ ಅಧಿಕಾರಿ. ಆಮೇಲೆ ಬಾರಾಮಹಲಿನಲ್ಲಿ ಏಳು ವರ್ಷ ಕಂದಾಯದ ಕೆಲಸ ಕಲಿತದ್ದು ಇದೇ ಅಲೆಕ್ಸಾಂಡರ್ ರೀಡನ ಕೈಕೆಳಗೆ. ಯಾವ ಊರಿನಲ್ಲಿ ಎಷ್ಟು ಕಾಳು, ಯಾರ ಹಗೇವಿನಲ್ಲಿ, ಯಾವ ಹಾದಿಯಲ್ಲಿ ಬರುತ್ತದೆ ಎಂದು ದಂಡಿಗಾಗಿ ಕೇಳುತ್ತಿದ್ದ ಪ್ರಶ್ನೆಗಳೇ ಈಗ ಕಂದಾಯದ ಪ್ರಶ್ನೆಗಳಾದವು. ಸುಮಾರು 80 ಮಂದಿ ಪಾಳೆಯಗಾರರನ್ನು ಬಗ್ಗುಬಡಿದು, 1807ರಲ್ಲಿ ಆತ ಊರಿಗೆ ಮರಳುವ ಮುಂಚೆ ಹೊಲಹೊಲವನ್ನೂ ಅಳೆಸಿ ರೈತನ ಹೆಸರಿಗೆ ಬರೆಸಿದ. ಅವನಿಗೆ ರೈತರ ಮೇಲೆ ಮಮತೆಯಿತ್ತೆಂಬುದು ಸುಳ್ಳಲ್ಲ. ಈ ಸೀಮೆಯಲ್ಲಿ ಮಕ್ಕಳಿಗೆ ಅವನ ಹೆಸರಿಟ್ಟದ್ದೂ ಉಂಟಂತೆ. ಆದರೂ ಅಳತೆಯ ಸರಪಳಿಯ ಹಿಂದೆ ಬಳ್ಳಾರಿಯಲ್ಲಿ ಒಂದು ದಂಡು ಬಿಡಾರ ಹೂಡಿತ್ತು, ಆ ದಂಡಿನ ಬೀದಿಗಳನ್ನು ನಾವು ಈಗಲೂ ಕಂಟೋನ್ಮೆಂಟ್ ಎಂದೇ ಕರೆಯುತ್ತೇವೆ. ಲಂಬಾಣಿಗಳ ಹೇರೆತ್ತುಗಳು ಮಾತ್ರ ಹಾದಿಗಳೆಲ್ಲ ರಸ್ತೆಯಾಗಿ, ರೈಲು ಬಂದ ಮೇಲೆ ಕಾಣದಾದವು. ದಂಡುಗಳಿಗೆ ಅನ್ನ ಹೊತ್ತವರು ಕೂಲಿಗಾಗಿ ತಾಂಡಾದಿಂದ ಊರೂರಿಗೆ ಹೊರಟರು.